ಒತ್ತು, ಹಿಡ್ಕೋ, ಬಿಡು

ನಮ್ಮ ಯಜಮಾನರು ಈ ಜನ್ಮದಲ್ಲಿ ನನ್ನೊಡನೆ ಅತಿ ಹೆಚ್ಚು ಆಡಿರುವ ಮಾತುಗಳು ಮೂರೇ ಮೂರು: ಒತ್ತು, ಹಿಡ್ಕೋ, ಬಿಡು. ಪ್ರೀತಿಯ ಮಾತೂ ಅಲ್ಲ, ಬೈಗುಳವೂ ಅಲ್ಲ. ಅವರು ಕಾರಿನ ಅಡಿಯಲ್ಲಿ ಅಂಗಾತ ಮಲಗಿರುತ್ತಾರೆ, ನಾನು ಡ್ರೈವರ್ ಸೀಟಿನಲ್ಲಿ ಚಪ್ಪಲಿ ಕಳಚಿ ಕೂತಿರುತ್ತೇನೆ. ಬ್ರೇಕ್ ಬಿಚ್ಚಿ ಜೋಡಿಸಿದ ಮೇಲೆ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಹಾಕಬೇಕಲ್ಲ, ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿರುವ ಪುಟ್ಟ ನಿಪ್ಪಲ್ ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ಬಿಗಿಯಾಗುವ ಮೊದಲೇ ಕಾಲೆತ್ತಿದರೆ ಹೋದ ಗಾಳಿ ಹಾಗೇ ವಾಪಸ್ಸು. ಮದುವೆಯಾದ ಹೊಸದರಲ್ಲಿ ಸೊಳ್ಳೆ ಕಚ್ಚಿತೆಂದು ನಾನು ಕಾಲೆತ್ತಿ, ಅರ್ಧ ದಿನದ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅವತ್ತಿನಿಂದ ಸೊಳ್ಳೆಯಲ್ಲ, ಹಾವು ಬಂದರೂ ನನ್ನ ಕಾಲು ಅಲ್ಲಾಡುವುದಿಲ್ಲ.

ಇದರಿಂದ ನಮ್ಮ ಸಂಸಾರಕ್ಕೆ ಉಪಕಾರವೂ ಆಗಿದೆ. ಜಗಳವಾಡಿ ಮುಖ ಊದಿಸಿಕೊಂಡು ಮಾತು ಬಿಟ್ಟ ದಿನವೂ ಬಾಗಿಲಿಗೆ ಕಾರು ಬಂದರೆ ಬಾಯಿ ಬಿಡಲೇಬೇಕು. ಅಡಿಯಿಂದ ಅವರು "ಒತ್ತು" ಅನ್ನುತ್ತಾರೆ, ಮೇಲಿಂದ ನಾನು "ಒತ್ತಿದೆ" ಅನ್ನುತ್ತೇನೆ. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಯಾತಕ್ಕೆ ಜಗಳವಾಡಿದೆವೆಂಬುದೇ ಮರೆತುಹೋಗಿ ಇಬ್ಬರೂ ಟೀ ಕುಡಿಯಲು ಕೂರುತ್ತೇವೆ.

ಜನ ಇವರನ್ನು ಬ್ರೇಕ್ ಮೇಸ್ತ್ರಿ ಎಂದೇ ಕರೆಯುತ್ತಾರೆ. ಇವರು ಎಂಜಿನ್ ಮುಟ್ಟುವುದಿಲ್ಲ, ಹೊಸ ಕಾರುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ಕಾರು, ಅದರ ಬ್ರೇಕು, ಅಷ್ಟೇ. ಮನೆಯ ಮುಂಭಾಗವೇ ಶೆಡ್ಡು. ಅಡುಗೆಮನೆಯ ಬಾಗಿಲು ತೆಗೆದರೆ ನೇರ ಶೆಡ್ಡಿಗೇ ಕಾಲಿಡಬೇಕು. ಶೆಡ್ಡಿನ ಕಿಟಕಿಯ ಪಕ್ಕ ನಮ್ಮತ್ತೆಯ ಹೊಲಿಗೆ ಮಿಷನ್ನು. ಅಲ್ಲಿ ಬೆಳಕು ಚೆನ್ನಾಗಿದೆ ಎಂಬುದು ಅತ್ತೆಯ ನೆಪ. ಬಂದ ಗಿರಾಕಿಗಳ ಮನೆಯ ಸಮಾಚಾರವೆಲ್ಲ ಕಿವಿಗೆ ಬೀಳುತ್ತದೆ ಎಂಬುದು ನಿಜವಾದ ಕಾರಣ. ಮಗನ ಡಬ್ಬಿಗಳೂ ತಾಯಿಯ ದಾರದುಂಡೆಗಳೂ ಒಂದೇ ಕಪಾಟಿನಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ. ಬೇರೆ ಮಾಡಿ ಎಂದು ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ.

ಸೋರಿಕೆ ಹುಡುಕುವುದರಲ್ಲಿ ಇವರದೇ ಒಂದು ಪದ್ಧತಿಯಿದೆ. ಕಾರು ಬಂದ ಕೂಡಲೇ ಬಿಚ್ಚುವುದಿಲ್ಲ. ಪ್ರತಿ ಚಕ್ರದ ಕೆಳಗೂ ಒಣ ರಟ್ಟಿನ ತುಂಡು ಹಾಸಿ, ಕಾರನ್ನು ಮುಟ್ಟದೆ ಬಿಡುತ್ತಾರೆ. ಆಮೇಲೆ ಒಂದೊಂದೇ ರಟ್ಟು ಎತ್ತಿ ಬೆಳಕಿಗೆ ಹಿಡಿದು ಕಲೆ ನೋಡುತ್ತಾರೆ. ಬೆರಳಲ್ಲಿ ಮುಟ್ಟಿ, ಮೂಸಿ, ಇದು ಬ್ರೇಕ್ ಆಯಿಲ್, ಇದು ಗ್ರೀಸು, ಇದು ಬರೀ ನೀರು ಎಂದು ವಿಂಗಡಿಸುತ್ತಾರೆ. ಮೂಸದೆ ಅವರು ಯಾವ ಡಬ್ಬಿಯನ್ನೂ ಸುರಿದವರಲ್ಲ. ಮೊದಲು ಮೂಗಿಗೆ ಹಿಡಿದು, ತಲೆಯಾಡಿಸಿ, ಆಮೇಲೆಯೇ ಸುರಿಯುವುದು. ನಾನು ಮಾಡಿದ ಸಾರಿಗೆ ಮಾತ್ರ ಈ ಮರ್ಯಾದೆ ಎಂದೂ ಸಿಕ್ಕಿಲ್ಲ, ಸುಮ್ಮನೆ ಸುರಿದುಕೊಂಡು ಉಣ್ಣುತ್ತಾರೆ.

ಟೀಚರ್ ಅವರ ಕಾರು ನಮ್ಮ ಶೆಡ್ಡಿಗೆ ಬರುವುದು ಹೊಸದೇನಲ್ಲ. ಅವರು ಶಾಲೆಯಿಂದ ನಿವೃತ್ತರಾಗಿ ಯಾವ ಕಾಲವಾಯಿತೋ, ದನಿ ಮಾತ್ರ ಇನ್ನೂ ಹಿಂದಿನ ಬೆಂಚಿಗೆ ಕೇಳಿಸುವ ಹಾಗೇ ಇದೆ. ಗುಂಡು ಗುಂಡು ದೀಪಗಳ, ಕೆನೆ ಬಣ್ಣದ ಆ ಕಾರು ತೀರಿಕೊಂಡ ಅವರ ಗಂಡನದು. ಆ ಮನುಷ್ಯ ಹೆಂಡತಿಗಿಂತ ಹೆಚ್ಚಾಗಿ ಅದನ್ನೇ ಒರೆಸಿ ಮುದ್ದು ಮಾಡುತ್ತಿದ್ದರಂತೆ. ಹಾಗಾಗಿ ಟೀಚರ್ ಅದನ್ನು ಸವತಿ ಎಂದೇ ಕರೆಯುವುದು. "ಮೇಸ್ತ್ರಿ, ಸವತಿ ಮತ್ತೆ ಅಳ್ತಾ ಇದಾಳೆ ನೋಡಿ" ಎಂದು ಅವರು ಬಾಗಿಲಲ್ಲಿ ನಿಂತು ಕೂಗಿದರೆ ಎಲ್ಲೋ ಆಯಿಲ್ ಸೋರುತ್ತಿದೆ ಎಂದು ಅರ್ಥ.

ಆ ಸಲ ಸೋರಿದ್ದು ಹಿಂದಿನ ಎಡ ಚಕ್ರದಲ್ಲಿ. ಚಕ್ರದೊಳಗೆ ಆಯಿಲ್ ಸೋರದಂತೆ ತಡೆಯುವ ಒಂದು ರಬ್ಬರ್ ಹೋಗಿದೆ ಎಂದರೆ ಉಳಿದವೂ ಅದೇ ವಯಸ್ಸಿನವು ಎಂದು ಇವರು ನಾಲ್ಕೂ ಚಕ್ರದ ರಬ್ಬರ್ ಬದಲಾಯಿಸಿದರು. ಮಾಸ್ಟರ್ ಸಿಲಿಂಡರ್, ಅಂದರೆ ನಾನು ಪೆಡಲ್ ಒತ್ತಿದಾಗ ಆಯಿಲನ್ನು ನಾಲ್ಕೂ ಚಕ್ರಕ್ಕೆ ತಳ್ಳುವ ಮುಖ್ಯ ಭಾಗ, ಅದು ಗಟ್ಟಿಮುಟ್ಟಾಗಿದೆ ಎಂದು ಮುಟ್ಟಲಿಲ್ಲ. ಹಳೆಯ ಆಯಿಲ್ ಪೂರ್ತಿ ತೆಗೆದು, ಕಪಾಟಿನಿಂದ ಡಬ್ಬಿ ಇಳಿಸಿ, ಮೂಗಿಗೆ ಹಿಡಿದು ತಲೆಯಾಡಿಸಿ ಸುರಿದರು. ನಾನು ಒತ್ತಿದೆ, ಹಿಡಿದೆ, ಬಿಟ್ಟೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು. ಟೀಚರ್ ಸವತಿಯನ್ನು ಕರೆದುಕೊಂಡು ಹೋದರು.

ಕೆಲವು ವಾರ ಕಳೆದಿರಬೇಕು. ದಾರಿಯಲ್ಲಿ ಸಿಕ್ಕಾಗ ಟೀಚರ್, "ಯಾಕೋ ಇತ್ತೀಚೆಗೆ ಸೋಮಾರಿ ಆಗಿದಾಳಮ್ಮ, ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಮುಂದಕ್ಕೆ ಹೋಗಲ್ಲ" ಎಂದಿದ್ದರು. ವಯಸ್ಸಾಯಿತಲ್ಲ ಎಂದು ಇಬ್ಬರೂ ನಕ್ಕಿದ್ದೆವು. ಅದಾದ ಮೇಲೆ ಒಂದು ಬೆಳಿಗ್ಗೆ, ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ.

ಆ ಇಳಿಜಾರು ಮುಗಿಯುವುದೇ ಮಾರ್ಕೆಟ್ಟಿನ ಬಾಯಲ್ಲಿ. ತಳ್ಳುಗಾಡಿಗಳು, ಚೀಲ ಹಿಡಿದ ಹೆಂಗಸರು, ಎಲ್ಲರೂ ರಸ್ತೆಯ ಮೇಲೇ. ಟೀಚರ್ ಹ್ಯಾಂಡ್ ಬ್ರೇಕ್ ಎಳೆದು, ಕಟ್ಟುತ್ತಿದ್ದ ಮನೆಯೊಂದರ ಮುಂದೆ ಸುರಿದಿದ್ದ ಮರಳಿನ ಗುಡ್ಡೆಗೆ ಕಾರನ್ನು ನುಗ್ಗಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಕನ್ನಡಕ ಮಾತ್ರ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತಂತೆ. ಕಾರನ್ನು ತಳ್ಳಿಸಿಕೊಂಡು ಶೆಡ್ಡಿಗೆ ಬಂದವರು ನಮ್ಮ ಯಜಮಾನರನ್ನು ಒಂದು ಮಾತೂ ಬೈಯಲಿಲ್ಲ.

"ಕಾಲು ನೆಲಕ್ಕೇ ತಾಗ್ತು ಮೇಸ್ತ್ರಿ. ಮರಳು ಹಾಕಿಸಿದ ಪುಣ್ಯಾತ್ಮ ನೂರು ವರ್ಷ ಬಾಳಲಿ" ಎಂದರು. ನಾನು ಅವರನ್ನು ಕೂರಿಸಿ ಟೀ ಕೊಟ್ಟೆ.

ಟೀಚರ್ ಹೋದ ಮೇಲೆ ಇವರು ನಾಲ್ಕೂ ಚಕ್ರದ ಕೆಳಗೆ ರಟ್ಟು ಹಾಸಿ, ಬಾನೆಟ್ಟಿನಡಿಯ ಆಯಿಲ್ ಪಾತ್ರೆಗೆ ಆ ಸಲ ಸುರಿದ ಡಬ್ಬಿಯಲ್ಲಿ ಉಳಿದದ್ದನ್ನೇ ಸ್ವಲ್ಪ ಸುರಿದು, ಪೆಡಲ್ ಒಂದೆರಡು ಸಲ ಒತ್ತಿ ಕೂತರು. ಆಮೇಲೆ ರಟ್ಟು ಎತ್ತಿದರು. ನಾಲ್ಕೂ ತೊಯ್ದಿದ್ದವು.

"ನಾಲ್ಕಕ್ಕೆ ನಾಲ್ಕೂ ಸೋರ್ತಿದೆ ಕಣೇ" ಎಂದರು. "ನಾನೇ ಹಾಕಿದ ರಬ್ಬರು. ನನ್ನ ಕೈ ಹೋಯ್ತು."

"ಕೈಗೇನಾಗಿದೆ? ಅಲ್ಲೇ ಇದೆಯಲ್ಲ."

"ತಮಾಷೆ ಬೇಡ. ಅಪ್ಪನ ಕೈ ನಡುಗೋಕೆ ಶುರುವಾದಾಗ ಅವರೇ ಅಂಗಡಿ ಬಾಗಿಲು ಹಾಕಿದ್ರು. ಯಾರೂ ಹೇಳಬೇಕಾಗಿ ಬರಲಿಲ್ಲ. ಇವತ್ತು ಮಾರ್ಕೆಟ್ಟಲ್ಲಿ ಯಾರಾದ್ರೂ ಸತ್ತಿದ್ರೆ?"

ಅವರು ಎದ್ದುಹೋಗಿ ಎದುರುಗಡೆಯ ಟೈರ್ ಅಂಗಡಿಯವನಿಗೆ, "ಜಾಗ ಸಾಲದು ಅಂತಿದ್ಯಲ್ಲ, ನಮ್ಮ ಶೆಡ್ ತಗೋ" ಎಂದು ಹೇಳಿಯೇ ಬಂದರು. ಆ ಮಹಾಶಯ ಹಲ್ಲು ಕಿರಿದು, ನಾಳೆ ನಾಡಿದ್ದರಲ್ಲಿ ಅಳತೆ ತೆಗೆಯಲು ಬರುತ್ತೇನೆಂದನಂತೆ. ಬ್ರೇಕಿನ ಕೆಲಸವಿಲ್ಲದ ಈ ಮನುಷ್ಯನನ್ನು ನಾನು ಕಂಡೇ ಇಲ್ಲ. ಕೆಲಸ ಬಿಟ್ಟ ಮಾವ ಕಿಟಕಿಯ ಹತ್ತಿರ ಕೂತು ಹೋಗುವ ಕಾರುಗಳ ಸದ್ದು ಕೇಳುತ್ತ ಹೇಗೆ ಸೊರಗಿದರೆಂಬುದನ್ನು ಮಾತ್ರ ಕಂಡಿದ್ದೇನೆ.

ಊಟಕ್ಕೂ ಇವರು ಏಳಲಿಲ್ಲ. ಶೆಡ್ಡಿನ ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನನಗೆ ಸಿಟ್ಟು ಬಂತು. ಸುಮ್ಮನೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಚಪ್ಪಲಿ ಕಳಚಿ, ಪೆಡಲ್ ಮೇಲೆ ಕಾಲಿಟ್ಟೆ. ನನ್ನ ಕಾಲಿಗೆ ಗೊತ್ತಿರುವಷ್ಟು ಇವರ ಕೈಗೂ ಗೊತ್ತಿರಲಾರದು ಎಂಬ ಜಂಬ ನನಗೆ ಇದ್ದೇ ಇದೆ. ಪೆಡಲ್ ನೆಲಕ್ಕೆ ಇಳಿಯಿತು. ಆದರೆ ಕಾಲು ಸರ್ರನೆ ಜಾರಿತು. ನೋಡಿದರೆ ಪೆಡಲಿನ ಮೇಲೆಲ್ಲ ಜಿಡ್ಡು. ಮಾಸ್ಟರ್ ಸಿಲಿಂಡರಿನಿಂದ ಹನಿ ಹನಿಯಾಗಿ ಇಳಿದು ಬಂದಿದೆ.

"ರೀ, ನೀವು ಮಾಸ್ಟರ್ ಬಿಚ್ಚಿದ್ರಾ?"

"ಇಲ್ಲ. ಯಾಕೆ?"

"ಮುಟ್ಟದೇ ಇರೋದು ಯಾಕೆ ಸೋರ್ತಿದೆ? ಅದಕ್ಕೂ ನಿಮ್ಮ ಕೈಯೇ ಕಾರಣನಾ?"

ಅವರ ತಲೆಯ ಮೇಲಿನ ಕೈ ಕೆಳಗಿಳಿಯಿತು. ನಾನು ಕಾಲು ತೊಳೆಯಲು ಹಿತ್ತಲ ನಲ್ಲಿಗೆ ಹೋದೆ. ಬ್ರೇಕ್ ಆಯಿಲ್ ಎನ್ನುವುದು ಹೆಸರಿಗೆ ಆಯಿಲ್, ಎಣ್ಣೆಯ ಗುಣ ಒಂದೂ ಇಲ್ಲ. ಬಣ್ಣಕ್ಕೆ ಬಿದ್ದರೆ ಬಣ್ಣ ಕಿತ್ತು ಹಾಕುತ್ತದೆ, ಕಾಲಿಗೆ ಬಿದ್ದರೆ ಬರೀ ನೀರಿಗೆ ಹೋಗುತ್ತದೆ. ಮದುವೆಯಾದಾಗಿನಿಂದ ತೊಳೆಯುತ್ತಿದ್ದೇನೆ, ನನಗೆ ಗೊತ್ತಿಲ್ಲವೇ? ಅವತ್ತು ಎಷ್ಟು ನೀರು ಬಿಟ್ಟರೂ ಜಿಡ್ಡು ಹೋಗಲಿಲ್ಲ. ಪಾದದ ಮೇಲೆ ನೀರು ಮುತ್ತಿನ ಹಾಗೆ ಹನಿಗಟ್ಟಿ ಜಾರಿತು. ಬೆರಳಲ್ಲಿ ಒರೆಸಿ ಮೂಸಿದೆ. ಎಲ್ಲೋ ಗೊತ್ತಿರುವ ವಾಸನೆ. ಒದ್ದೆ ಕಾಲಲ್ಲೇ ಶೆಡ್ಡಿಗೆ ಓಡಿ ಬೆರಳನ್ನು ಇವರ ಮೂಗಿಗೆ ಹಿಡಿದೆ.

"ಇದೇನು ಹೇಳಿ."

ಮೂಸಿದರು. ತಲೆಯಾಡಿಸಿದರು. "ಬ್ರೇಕ್ ಆಯಿಲ್."

"ಸರಿಯಾಗಿ ಮೂಸಿ!"

"ಬ್ರೇಕ್ ಆಯಿಲ್ಲೇ ಕಣೇ."

ನಾನು ಅವರ ಮುಖವನ್ನೇ ನೋಡಿದೆ. ಹಾಲು ತಳ ಹಿಡಿದು ಮನೆಯೆಲ್ಲ ಕಮಟು ತುಂಬಿದ್ದಾಗಲೂ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ ಮನುಷ್ಯ ನೆನಪಾದರು. ಗಮನವಿಲ್ಲ, ದಪ್ಪ ಚರ್ಮ ಎಂದು ಅವತ್ತು ನಾನು ಬಾಯಿಗೆ ಬಂದಂತೆ ಬೈದಿದ್ದೆ.

"ರೀ... ನಿಮಗೆ ವಾಸನೆ ಗೊತ್ತಾಗ್ತಿಲ್ವಾ?"

ನೆಲ ನೋಡುತ್ತ, "ವಾರಗಟ್ಲೆ ಮಲಗಿದ್ನಲ್ಲ, ಆ ಜ್ವರ ಬಂದಾಗಿನಿಂದ" ಎಂದರು. "ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾಯ್ದೆ. ಬರಲೇ ಇಲ್ಲ. ಹೇಳಿದ್ರೆ ಜನ ಕಾರು ತರ್ತಾರಾ?"

"ಜನಕ್ಕೆ ಬೇಡ. ನನಗೆ ಹೇಳೋಕೇನಾಗಿತ್ತು?"

"ನೀನು ಬೈತೀಯ ಅಂತ."

ಬೈಯಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯ ಬಳಿ ಅತ್ತೆಯ ಮಿಷನ್ನು ಟಕಟಕ ಶುರುವಾಯಿತು. ಆ ವಾಸನೆ ಎಲ್ಲಿಯದೆಂದು ಆಗ ಹೊಳೆಯಿತು.

"ಅತ್ತೆ, ನಿಮ್ಮ ಮಿಷನ್ ಎಣ್ಣೆ ಎಲ್ಲಿದೆ?"

"ಯಾಕಮ್ಮ, ಈಗ ಹೊಲಿಗೆ ಕಲಿಯೋ ಬುದ್ಧಿ ಬಂತಾ?"

"ಎಲ್ಲಿದೆ ಹೇಳಿ ಅತ್ತೆ!"

"ಕಪಾಟಲ್ಲೇ ಇದೆ ನೋಡು. ಅಂಗಡಿಯವನು ಕೊಟ್ಟ ಬಾಟ್ಲಿ ಸೀಳು ಬಿಟ್ಟಿತ್ತು. ನಿನ್ನ ಗಂಡ ಒಳ್ಳೆ ತಿರುಪಿನ ಮುಚ್ಚಳದ ಡಬ್ಬಿ ಬಿಸಾಡ್ತಿದ್ದ. ತೊಳೆದು, ಬಿಸಿಲಲ್ಲಿ ಒಣಗಿಸಿ, ಅದಕ್ಕೆ ತುಂಬಿಸಿದೆ. ಅಂಥ ಡಬ್ಬಿ ಯಾರಾದ್ರೂ ಬಿಸಾಡ್ತಾರಾ? ಆದ್ರೆ ಎಣ್ಣೆ ಬೇಗ ಖಾಲಿ ಆಗಿದೆ. ನೀನೇ ಬಾಗಿಲ ತಿರುಗಣಿಗೆಲ್ಲ ಸುರಿದಿದ್ದೀಯ ಅಂತ ಮನಸ್ಸಲ್ಲೇ ಬೈಕೊಂಡೆ."

ಅಯ್ಯೋ ನನ್ನ ಕರ್ಮವೇ! ಕಪಾಟಿನಿಂದ ಎರಡು ಡಬ್ಬಿ ಇಳಿಸಿದೆ. ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಚೀಟಿ. ಅಡುಗೆಮನೆಯಿಂದ ಎರಡು ಬಟ್ಟಲಲ್ಲಿ ನೀರು ತಂದು ಒಂದೊಂದಕ್ಕೂ ಒಂದೊಂದು ಡಬ್ಬಿಯಿಂದ ಹನಿ ಬಿಟ್ಟೆ. ಮೊದಲನೆಯದರಲ್ಲಿ ಹನಿ ಕರಗಿ ಕಾಣದಾಯಿತು. ಎರಡನೆಯದರಲ್ಲಿ ಜಮ್ಮೆಂದು ಮೇಲೆ ತೇಲಿತು.

ಇವರು ಆ ಎರಡನೆಯ ಬಟ್ಟಲನ್ನೇ ನೋಡಿದರು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಒಂದು ಚಕ್ರ ಬಿಚ್ಚಿದರು. ಒಳಗಿನ ರಬ್ಬರು ನೆನೆಹಾಕಿದ ಕಾಳಿನ ಹಾಗೆ ಊದಿ, ಬೆರಳಿಟ್ಟರೆ ಹರಿಯುವಷ್ಟು ಮೆತ್ತಗಾಗಿತ್ತು. ಎಣ್ಣೆ ಬಿದ್ದರೆ ಬ್ರೇಕಿನ ರಬ್ಬರು ಹೀಗೇ ಆಗುವುದು. ಊದಿಕೊಂಡಾಗ ಚಕ್ರಗಳನ್ನು ಬಿಗಿ ಹಿಡಿದಿತ್ತು, ಟೀಚರ್ ಅವರ ಸವತಿ ಸೋಮಾರಿಯಾದದ್ದು ಅದಕ್ಕೇ. ಆಮೇಲೆ ಸಡಿಲಾಗಿ ಎಲ್ಲ ಕಡೆಯಿಂದಲೂ ಸೋರಿಕೊಂಡು ಹೋಗಿತ್ತು.

"ಹಾಗಾದ್ರೆ ನನ್ನ ಕೈ..." ಎಂದರು.

"ಕೈಗೇನೂ ಆಗಿಲ್ಲ ಮಾರಾಯ್ರೇ! ಚಿನ್ನದಂಥ ಕೈ!"

ಅವರು ಆ ಹಾಳಾದ ರಬ್ಬರನ್ನು ಅಂಗೈಯಲ್ಲಿ ಹಿಡಿದು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ನಿಜಕ್ಕೂ ಹಾಗೇ ಆಯಿತು. ಅತ್ತೆಗೆ ಮಾತ್ರ ಆಗ ವಿಷಯ ತಲೆಗೆ ಹೋಗಿ, ಮಿಷನ್ ನಿಲ್ಲಿಸಿ ಕುಗ್ಗಿ ಕೂತರು. "ಟೀಚರಿಗೆ ಏನಾದ್ರೂ ಆಗಿದ್ರೆ ಏನೋ ಗತಿ? ನನ್ನ ಜಿಪುಣತನಕ್ಕೆ ಬೆಂಕಿ ಬೀಳ" ಎಂದು ಅವರು ಅತ್ತಾಗ ಮಗ ಹೋಗಿ ಪಕ್ಕದಲ್ಲಿ ಕೂತು, "ಇಲ್ಲಮ್ಮ, ಮೂಸಿ ನೋಡಬೇಕಾದವನು ನಾನು" ಎಂದರು.

ಮರುದಿನ ಟೀಚರಿಗೂ ಅದನ್ನೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಮೂಗು ಹೋಗಿದೆ ಟೀಚರ್. ಮುಚ್ಚಿಟ್ಟೆ. ಮಿಷನ್ ಎಣ್ಣೆ ಸುರಿದುಬಿಟ್ಟೆ. ನೀವು ಕಾರನ್ನ ಬೇರೆ ಕಡೆ ತಗೊಂಡು ಹೋದ್ರೂ ನನಗೆ ಬೇಜಾರಿಲ್ಲ."

ಟೀಚರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ತಪ್ಪು ದೊಡ್ಡದೇ. ಬೆಂಚಿನ ಮೇಲೆ ನಿಲ್ಲಿಸಬೇಕು ನಿಮ್ಮನ್ನ" ಎಂದರು. "ಆದ್ರೆ ಕೇಳದೇನೇ ಹೇಳಿದ್ರಲ್ಲ. ಇನ್ಮೇಲೆ ಮೂಸೋದು ಯಾರು?"

"ನಾನು" ಎಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಸರಿ ಹಾಗಾದ್ರೆ, ಬಿಚ್ಚಿ" ಎಂದು ಟೀಚರ್ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು.

ಎಣ್ಣೆ ಮುಟ್ಟಿದ ಒಂದು ರಬ್ಬರನ್ನೂ ಇವರು ಉಳಿಸಲಿಲ್ಲ. ಮಾಸ್ಟರ್, ನಾಲ್ಕು ಚಕ್ರ, ಮೆತ್ತನೆಯ ಹೋಸ್ ಪೈಪುಗಳು, ಎಲ್ಲ ಹೊಸದು. ಲೋಹದ ಪೈಪುಗಳೊಳಗೆ ಸ್ಪಿರಿಟ್ ಹಾಯಿಸಿ, ಹೊರಬಂದದ್ದನ್ನು ನನ್ನ ಬಟ್ಟಲಿನ ನೀರಿಗೆ ಬಿಟ್ಟು, ಎಣ್ಣೆಯ ಒಂದು ಕಣ್ಣೂ ತೇಲದ ತನಕ ತೊಳೆದರು. ತಾಮ್ರದ ವಾಷರುಗಳನ್ನು ನನ್ನ ಒಲೆಯ ಮೇಲೆ ನನ್ನದೇ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗಿ ಸಂದಿಗೆ ಒತ್ತಿ ಕೂರುತ್ತದೆ, ಸೋರುವುದಿಲ್ಲ. ಇಕ್ಕಳ ಕಪ್ಪಾಯಿತೆಂದು ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ. ಅವತ್ತು ಅವರು ಕೇಳಿದ್ದರೆ ಒಲೆಯನ್ನೇ ಕಿತ್ತು ಕೊಡುತ್ತಿದ್ದೆ.

ಗಾಳಿ ತೆಗೆಯುವ ಹೊತ್ತಿಗೆ ಅತ್ತೆ, ಟೀಚರ್ ಇಬ್ಬರೂ ಅಕ್ಕಪಕ್ಕ ಕೂತು ಸಿನಿಮಾ ನೋಡುವ ಹಾಗೆ ನೋಡುತ್ತಿದ್ದರು. ನಾನು ಒತ್ತಿದೆ, ಹಿಡಿದೆ, ಬಿಟ್ಟೆ. ಕೊನೆಗೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಇವರು ರಟ್ಟು ಹಾಸಿದರು, ಮತ್ತೆ ಎತ್ತಿದರು. ನಾಲ್ಕೂ ಒಣಗಿದ್ದವು.

ಪರೀಕ್ಷೆಗೆ ಅದೇ ಇಳಿಜಾರಿಗೆ ಹೋದೆವು. ಮಾರ್ಕೆಟ್ ಮುಚ್ಚಿ ರಸ್ತೆ ಖಾಲಿ ಇರುವ ವಾರದ ರಜೆಯ ದಿನ ನೋಡಿ ಹೊರಟದ್ದು. ಟೀಚರಿಗೆ ಮನೆಯಲ್ಲೇ ಇರಿ ಎಂದರೆ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ, ಹಿಂದಿನ ಸೀಟಿನಲ್ಲಿ ಕೂತರು. ಇವರ ಪಕ್ಕ ನಾನು. ಇಳಿಜಾರು ಶುರುವಾದಾಗ ಕಾಲ ಕೆಳಗೆ ಪೆಡಲ್ ಇಲ್ಲದಿದ್ದರೂ ನನ್ನ ಕಾಲು ನೆಲವನ್ನು ಒತ್ತಿ ಹಿಡಿದಿತ್ತು. ಇವರು ನಡುವೆ ಒಮ್ಮೆ ಹಿಡಿದರು, ನಿಂತಿತು. ಮತ್ತೆ ಬಿಟ್ಟು ವೇಗ ಕೊಟ್ಟು ಮರಳಿನ ಗುಡ್ಡೆಗಿಂತ ಇಷ್ಟು ಮುಂಚೆ ಒತ್ತಿದರು. ಸವತಿ ಮೂಗು ಬಗ್ಗಿಸಿ ಮೆಲ್ಲಗೆ ನಿಂತಳು, ಒಂಚೂರೂ ಪಕ್ಕಕ್ಕೆ ಎಳೆಯಲಿಲ್ಲ.

"ಸದ್ಯ!" ಎಂದು ಟೀಚರ್ ಕೂಗಿದ್ದು ಟ್ಯಾಂಕಿನವರೆಗೂ ಕೇಳಿಸಿರಬೇಕು. ಇವರು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯನ್ನು ನನ್ನ ಮುಂದೆ ಹಿಡಿದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ನಾನು ಆ ಕೈಗಳನ್ನು ಹಿಡಿದುಕೊಂಡೆ. ಹಿಂದೆ ಟೀಚರ್ ಇದ್ದಾರೆ ಎಂಬುದೂ ಆಗ ನೆನಪಿರಲಿಲ್ಲ.

ವಾಪಸ್ಸು ಬಂದರೆ ಟೈರ್ ಅಂಗಡಿಯವನು ಟೇಪು ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಜೊತೆಗೆ ಹಳೆಯ ಹಸಿರು ಕಾರೊಂದನ್ನು ತಂದು, ಹಿಂದಿನ ಚಕ್ರ ಸೋರುತ್ತಿದೆ ಎನ್ನುತ್ತ ಹೊಸ ಗಿರಾಕಿಯೊಬ್ಬ ಕಾದಿದ್ದ. "ಅಳತೆ ತೆಗೀಲಾ ಅತ್ತಿಗೆ?" ಎಂದ ಟೈರಿನವನು. ನಾನು ಇವರ ಮುಖ ನೋಡಿದೆ. ಇವರು ಹಸಿರು ಕಾರಿನ ಬಾನೆಟ್ ಎತ್ತಿ, ಆಯಿಲ್ ಎಷ್ಟಿದೆಯೆಂದು ಬಗ್ಗಿ ನೋಡಿ, ಕಪಾಟಿನಿಂದ ಡಬ್ಬಿ ತೆಗೆದರು. ಈಗ ಆ ಕಪಾಟಿನಲ್ಲಿ ದಾರದುಂಡೆಗಳಿಲ್ಲ, ಅತ್ತೆಯೇ ಎಲ್ಲವನ್ನೂ ತಮ್ಮ ಮಂಚದ ಕೆಳಗೆ ಸಾಗಿಸಿದ್ದರು. ಮುಚ್ಚಳ ತಿರುಗಿಸಿ, ಗಿರಾಕಿಯೂ ಟೈರಿನವನೂ ನೋಡುತ್ತಿರುವಾಗಲೇ, ಡಬ್ಬಿಯನ್ನು ತಮ್ಮ ಮೂಗಿಗಲ್ಲ, ನನ್ನ ಮೂಗಿಗೆ ಹಿಡಿದರು.

"ನನಗೆ ವಾಸನೆ ಗೊತ್ತಾಗಲ್ಲಪ್ಪ" ಎಂದು ಗಿರಾಕಿಗೆ ಹೇಳಿದರು. "ಇವಳು ಹೇಳಿದ್ರೇನೇ ನಾನು ಸುರಿಯೋದು."

ನಾನು ಬೇಕೆಂದೇ ಎರಡು ಸಲ ಮೂಸಿದೆ. ಟೈರಿನವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

"ಹಾಕಿ" ಎಂದೆ. ಅವರು ಸುರಿದರು.